ಅನ್ನ ಕೊಟ್ಟು ಆಟ ತೋರಿಸಿದರೆ ಜನ ಸುಮ್ಮನಾಗುತ್ತಾರಾ?

ಮೂಲೆ ಬೆಂಚು
ರೋಮ್‌ನ ಕವಿ ಜುವೆನಲ್ ಸುಮಾರು 1900 ವರ್ಷಗಳ ಹಿಂದೆ ತನ್ನ ಊರಿನವರ ಮೇಲೆ ಸಿಟ್ಟಾಗಿ ಒಂದು ಮಾತು ಬರೆದ. ಹಿಂದೆ ಸೇನೆಗೆ, ಆಡಳಿತಕ್ಕೆ ಯಾರು ಬೇಕೆಂದು ತಾವೇ ಆರಿಸುತ್ತಿದ್ದ ಜನ ಈಗ ಎರಡೇ ಎರಡಕ್ಕೆ ಹಂಬಲಿಸುತ್ತಾರೆ, ಒಂದು ರೊಟ್ಟಿ, ಇನ್ನೊಂದು ರಥದ ಓಟ ಅಂತ. ಇದು ಇವತ್ತಿಗೂ ನೂರಕ್ಕೆ ನೂರು ಸರಿ ಅಂತ ನನ್ನ ಅನಿಸಿಕೆ. ಆಳುವವರಿಗೆ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಹೊಟ್ಟೆ ತುಂಬಿಸು, ಕಣ್ಣಿಗೆ ಏನಾದರೂ ತೋರಿಸು, ಲೆಕ್ಕ ಕೇಳುವವರೇ ಇರುವುದಿಲ್ಲ.

ಎಷ್ಟರ ಮಟ್ಟಿಗೆ ನಡೆಯುತ್ತಿತ್ತು ನೋಡಿ. ಕ್ರಿ.ಶ. 80ರಲ್ಲಿ ಕೊಲೊಸಿಯಂ ತೆರೆದಾಗ ಚಕ್ರವರ್ತಿ ಟೈಟಸ್ 100 ದಿನ ಆಟ ನಡೆಸಿದ. ಮುಂದೆ ಚಕ್ರವರ್ತಿ ಟ್ರಾಜನ್ ಡೇಸಿಯಾ (ಈಗಿನ ರೊಮೇನಿಯಾ ಕಡೆಯ ನಾಡು) ಗೆದ್ದು ಬಂದಾಗ 123 ದಿನ. ಕ್ರಿ.ಶ. 354ರ ಒಂದು ಪಂಚಾಂಗ ಉಳಿದುಕೊಂಡಿದೆ, ಅದರಲ್ಲಿ ವರ್ಷಕ್ಕೆ 170ಕ್ಕೂ ಹೆಚ್ಚು ದಿನ ಆಟವೋ ನಾಟಕವೋ ಇದ್ದೇ ಇದೆ. ಇಷ್ಟು ಸಿಕ್ಕಿದ ಮೇಲೆ ಯಾರು ತಾನೇ ಪ್ರಶ್ನೆ ಕೇಳುತ್ತಾರೆ?

ನಿಮ್ಮ ಅಭಿಪ್ರಾಯ ಬರೆಯಿರಿ. ನಿಮ್ಮ ನಿಮ್ಮ ಪಕ್ಷ, ನಾಯಕರನ್ನು ಮಾತ್ರ ದಯವಿಟ್ಟು ಇಲ್ಲಿಗೆ ಎಳೆದು ತರಬೇಡಿ.

ಸೂಜಿಮಲ್ಲಿಗೆ
ಪೂರ್ತಿ ಒಪ್ಪಿದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ. ದುಡಿಯುವುದನ್ನೇ ಮರೆಯುತ್ತಾರೆ.

ಹಳೇಪುಟ
ನಾನು ಒಪ್ಪುವುದಿಲ್ಲ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಅನ್ನುವುದನ್ನು ಜೋಡಿಸಿ ನೋಡಿದರೆ ಈ ಕಥೆ ನಿಲ್ಲುವುದಿಲ್ಲ.

ರೋಮ್‌ನಲ್ಲಿ ಗೋಧಿ ಯೋಜನೆ ಶುರುವಾಗಿದ್ದು ಕ್ರಿ.ಪೂ. 123ರಲ್ಲಿ. ಆಗ ಚಕ್ರವರ್ತಿ ಅನ್ನುವವರೇ ಇರಲಿಲ್ಲ. ಜನರ ಪ್ರತಿನಿಧಿಯಾಗಿ ಆರಿಸಿ ಬಂದಿದ್ದ ಗಾಯಸ್ ಗ್ರಾಕಸ್ ಕಾನೂನು ಮಾಡಿ, ನಿಗದಿತ ಕಡಿಮೆ ಬೆಲೆಗೆ ಗೋಧಿ ಕೊಡಿಸಿದ. ಬಿಟ್ಟಿ ಅಲ್ಲ, ಕಡಿಮೆ ಬೆಲೆ. ಆಗ ಜನರ ವೋಟಿಗೆ ಬೆಲೆ ಇತ್ತು, ಅದಕ್ಕೇ ಈ ಕಾನೂನು ಬಂತು. ಎರಡು ವರ್ಷದ ನಂತರದ ಗಲಭೆಯಲ್ಲಿ ಅವನ ಪ್ರಾಣವೇ ಹೋಯಿತು. ಜನರನ್ನು ಸುಮ್ಮನಿರಿಸುವ ಉಪಾಯ ಅಷ್ಟು ಚೆನ್ನಾಗಿದ್ದಿದ್ದರೆ ಆಳುವ ಮನೆತನಗಳು ಅವನಿಗೆ ಹಾರ ಹಾಕಬೇಕಿತ್ತು, ಅಲ್ವಾ?

ಮುಂದೆ ಬಂದ ಸುಲ್ಲಾ ಸರ್ವಾಧಿಕಾರಿ. ಜನರ ಬಾಯಿ ನಿಜಕ್ಕೂ ಮುಚ್ಚಿಸಬೇಕು ಅಂತ ಹೊರಟವನು. ಅವನು ಗೋಧಿ ಹಂಚುವುದನ್ನು ಹೆಚ್ಚಿಸಲಿಲ್ಲ, ನಿಲ್ಲಿಸಿದ. ಜೊತೆಗೆ ಜನಪ್ರತಿನಿಧಿಗಳ ಅಧಿಕಾರವನ್ನೂ ಕತ್ತರಿಸಿದ. ಅವನು ಸತ್ತ ಮೇಲೆ, ಕ್ರಿ.ಪೂ. 73ರಲ್ಲಿ, ಗೋಧಿ ವಾಪಸ್ ಬಂತು. ಪೂರ್ತಿ ಉಚಿತ ಮಾಡಿದ್ದು ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಅನ್ನುವ ಜನಪ್ರತಿನಿಧಿ. ಇನ್ನು ಸೀಸರ್ ಬಂದು, ಗೋಧಿ ಪಡೆಯುವವರ ಪಟ್ಟಿಯಲ್ಲಿದ್ದ 3,20,000 ಹೆಸರನ್ನು 1,50,000ಕ್ಕೆ ಇಳಿಸಿದ. ಅಧಿಕಾರಿಗಳನ್ನು ಜನ ಆರಿಸುವುದು ಹೆಚ್ಚುಕಡಿಮೆ ಮುಗಿದದ್ದು ಕ್ರಿ.ಶ. 14ರಲ್ಲಿ, ಚಕ್ರವರ್ತಿ ಟಿಬೇರಿಯಸ್ ಅದನ್ನು ದೊಡ್ಡ ಮನೆತನದವರ ಸಭೆಯಾದ ಸೆನೆಟ್ಟಿಗೆ ವರ್ಗಾಯಿಸಿದಾಗ.

ಅಂದರೆ ರೊಟ್ಟಿ ತಿಂದು ಜನ ವೋಟು ಬಿಟ್ಟುಕೊಟ್ಟರು ಅನ್ನುವುದು ಸುಳ್ಳು. ವೋಟು ಇದ್ದಾಗ ಅವರು ರೊಟ್ಟಿ ಗಳಿಸಿಕೊಂಡರು. ವೋಟನ್ನು ಅವರಿಂದ ಕಿತ್ತುಕೊಂಡಿದ್ದು ಸೈನ್ಯ ಇದ್ದವರು. ಜುವೆನಲ್ ಬರೆಯುವ ಹೊತ್ತಿಗೆ ಅದು ನಡೆದು ನೂರು ವರ್ಷ ಆಗಿಹೋಗಿತ್ತು.

ಲೆಕ್ಕದ ಮೇಷ್ಟ್ರು
ಸೂಜಿಮಲ್ಲಿಗೆ ಅವರೇ, ದುಡಿಯುವುದನ್ನು ಮರೆಯುತ್ತಾರೆ ಅಂದಿರಲ್ಲ, ಸುಮ್ನೆ ಒಂದು ಲೆಕ್ಕ ಹಾಕೋಣ. ಪಟ್ಟಿಯಲ್ಲಿದ್ದವನಿಗೆ ತಿಂಗಳಿಗೆ 5 ಮೋಡಿಯಸ್ ಗೋಧಿ, ಅಂದರೆ ಸುಮಾರು 33 ಕಿಲೋ. ಒಬ್ಬ ದೊಡ್ಡವನಿಗೆ ಸಾಕಾಗಿ ಸ್ವಲ್ಪ ಮಿಗಬಹುದು. ಹೆಂಡತಿ, ಮಕ್ಕಳಿಗೆ ಸಾಲದು. ಅದನ್ನು ಬೀಸಬೇಕು, ಬೇಯಿಸಬೇಕು, ಸೌದೆ ಬೇಕು, ಎಣ್ಣೆ ಬೇಕು, ಬಟ್ಟೆ ಬೇಕು, ಮನೆ ಬಾಡಿಗೆ ಕಟ್ಟಬೇಕು. ಅದಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು? ದುಡಿಯಲೇಬೇಕಿತ್ತು.

ಇದು ಎಲ್ಲರಿಗೂ ಸಿಗುತ್ತಿರಲಿಲ್ಲ ಅನ್ನುವುದೂ ನೆನಪಿರಲಿ. ಮೊದಲ ಚಕ್ರವರ್ತಿ ಆಗಸ್ಟಸ್ ಕಾಲಕ್ಕೆ ಪಟ್ಟಿಯಲ್ಲಿದ್ದವರು ಸುಮಾರು 2 ಲಕ್ಷ, ನಗರದಲ್ಲಿ ಇದ್ದವರು ಹತ್ತು ಲಕ್ಷದ ಹತ್ತಿರ ಅಂತ ಅಂದಾಜು. ನಾಗರಿಕ ಗಂಡಸರ ಹೆಸರಿಗೆ ಮಾತ್ರ. ಗುಲಾಮರಿಗಿಲ್ಲ, ಹೊರಗಿನಿಂದ ಬಂದವರಿಗಿಲ್ಲ. ತೀರಾ ಬಡವ ಅಂತ ಯಾರಿಗೂ ಕೊಡುತ್ತಿರಲಿಲ್ಲ, ನಾಗರಿಕ ಅಂತ ಕೊಡುತ್ತಿದ್ದರು.

ಜನ ಸೋಮಾರಿ ಆಗುತ್ತಾರೆ, ಖಜಾನೆ ಬರಿದಾಗುತ್ತದೆ ಅನ್ನುವ ದೂರು ಗ್ರಾಕಸ್‌ನ ಕಾನೂನು ಬಂದಾಗಲೇ ಇತ್ತು ಅಂತ ರೋಮ್‌ನ ಹೆಸರಾಂತ ಭಾಷಣಕಾರ ಸಿಸೆರೊ ಬರೆದಿದ್ದಾನೆ. ಅವನೇ ಹೇಳಿದ ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. ಈ ಕಾನೂನನ್ನು ಜೋರಾಗಿ ವಿರೋಧಿಸಿದ್ದ ಪಿಸೊ ಅನ್ನುವ ದೊಡ್ಡ ಮನುಷ್ಯ, ಗೋಧಿ ಹಂಚುವ ದಿನ ತಾನೂ ಸಾಲಿನಲ್ಲಿ ಬಂದು ನಿಂತಿದ್ದ. ಗ್ರಾಕಸ್ ನೋಡಿ, ಏನಯ್ಯಾ ಇದು ಅಂದ. ನನ್ನ ಆಸ್ತಿಯನ್ನು ನೀನು ಊರಿಗೆಲ್ಲ ಹಂಚುವುದು ನನಗೆ ಇಷ್ಟವಿಲ್ಲ, ಆದರೆ ಹಂಚುವುದೇ ಆದರೆ ನನ್ನ ಪಾಲು ನನಗೆ ಬರಲಿ ಅಂತ ಪಿಸೊ ಉತ್ತರ ಕೊಟ್ಟನಂತೆ!

ಗಾಳಿಮಾತು
ಪಿಸೊ ಸಂತತಿ ಸಾವಿರವಾಗಲಿ 😂

ಸೂಜಿಮಲ್ಲಿಗೆ
ಮೇಷ್ಟ್ರೇ, ಗೋಧಿ ಬಿಡಿ. ಆಟದ ವಿಷಯ? ವರ್ಷದ ಅರ್ಧದಷ್ಟು ದಿನ ಆಟ ನೋಡುತ್ತಾ ಕೂತವರು ಯಾವ ರಾಜಕೀಯ ಮಾಡುತ್ತಾರೆ?

ಗ್ಯಾಲರಿ ಟಿಕೆಟ್
ರಾಜಕೀಯ ನಡೆಯುತ್ತಿದ್ದದ್ದೇ ಅಲ್ಲಿ. ಚಕ್ರವರ್ತಿ ಎದುರಿಗೆ ಕೂತಿರುತ್ತಿದ್ದ, ಸುತ್ತ ಜನ. ರಥದ ಓಟದ ಮೈದಾನ ಸರ್ಕಸ್ ಮ್ಯಾಕ್ಸಿಮಸ್‌ನಲ್ಲಿ 1,50,000 ಜನ ಹಿಡಿಯುತ್ತಿದ್ದರು ಅಂತ ಹಳೆಯ ಬರಹಗಾರ ಡಯನೀಸಿಯಸ್ ಹೇಳುತ್ತಾನೆ, ಹಿರಿಯ ಪ್ಲಿನಿ ಎರಡೂವರೆ ಲಕ್ಷ ಅನ್ನುತ್ತಾನೆ. ಅಷ್ಟು ಜನ ಒಟ್ಟಿಗೆ ಕೂಗಿದರೆ ಯಾರು ಕೂಗಿದ್ದು ಅಂತ ಹಿಡಿಯುವುದು ಹೇಗೆ?

ಟಿಬೇರಿಯಸ್ ಸಾರ್ವಜನಿಕ ಸ್ನಾನಗೃಹದ ಮುಂದಿದ್ದ ಒಂದು ಒಳ್ಳೆಯ ಪ್ರತಿಮೆಯನ್ನು ಎತ್ತಿಸಿ ತನ್ನ ಮಲಗುವ ಕೋಣೆಯಲ್ಲಿ ಇಟ್ಟುಕೊಂಡ. ಜನ ರಂಗಮಂದಿರದಲ್ಲಿ ವಾಪಸ್ ಕೊಡು ಅಂತ ಕೂಗಿದರು. ಕೊಟ್ಟ! ಅವನ ನಂತರದ ಚಕ್ರವರ್ತಿ ಕಲಿಗುಲನ ಕೊನೆಗಾಲದಲ್ಲಿ ಓಟದ ಮೈದಾನದಲ್ಲೇ ಜನ ತೆರಿಗೆ ಇಳಿಸು ಅಂತ ಕೇಳಿದರು. ಅವನು ಕೂಗಿದವರನ್ನು ಹಿಡಿಸಿ ಕೊಲ್ಲಿಸಿದ. ಸ್ವಲ್ಪ ದಿನಕ್ಕೇ, ಕ್ರಿ.ಶ. 41ರಲ್ಲಿ, ಅವನೇ ಕೊಲೆಯಾದ. ಕೊಂದವರು ಅರಮನೆಯವರೇ ಅನ್ನುವುದು ಬೇರೆ ಮಾತು. 190ರಲ್ಲಿ ಗೋಧಿ ಸಿಗದೆ ಇದ್ದಾಗ ಓಟದ ಮೈದಾನದಿಂದಲೇ ಗಲಾಟೆ ಶುರುವಾಗಿ, ಚಕ್ರವರ್ತಿ ಕೊಮೋಡಸ್ ತನ್ನ ಬಲಗೈಯಂತಿದ್ದ ಕ್ಲಿಯಾಂಡರ್‌ನ ತಲೆ ಕೊಟ್ಟು ಪಾರಾಗಬೇಕಾಯಿತು.

ಜೂಲಿಯಸ್ ಸೀಸರ್ ಆಟದ ಮಧ್ಯೆ ಕೂತು ಪತ್ರ ಓದುತ್ತಿದ್ದ, ಉತ್ತರ ಬರೆಯುತ್ತಿದ್ದ ಅಂತ ಜನರಿಗೆ ಸಿಟ್ಟು ಬರುತ್ತಿತ್ತಂತೆ. ಆಗಸ್ಟಸ್ ಅದನ್ನು ನೋಡಿ ಪಾಠ ಕಲಿತ, ಆಟಕ್ಕೆ ಬಂದರೆ ಆಟವನ್ನೇ ನೋಡುತ್ತಿದ್ದ. ಬರೀ ಮೋಜಿಗೆ ಬಂದವರಿಗೆ ದೊರೆ ಏನು ಓದುತ್ತಾನೆ ಅನ್ನುವುದು ಯಾಕೆ ಬೇಕು? ಅವನು ತಮ್ಮ ಮಾತು ಕೇಳಿಸಿಕೊಳ್ಳಬೇಕು ಅಂತ ಅವರು ಬಯಸುತ್ತಿದ್ದರು.

ಮೂಲೆ ಬೆಂಚು
ಕಥೆಗಳು ಚೆನ್ನಾಗಿವೆ. ಆದರೆ ಆಳುವವರೇ ಇದನ್ನು ನಂಬಿದ್ದರಲ್ಲ! ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಗುರು ಫ್ರಾಂಟೊ ಟ್ರಾಜನ್‌ನನ್ನು ಹೊಗಳುವಾಗ ಏನು ಬರೆದ? ರೋಮ್‌ನ ಜನರನ್ನು ಹಿಡಿದಿಡುವುದು ಮುಖ್ಯವಾಗಿ ಎರಡೇ, ಧಾನ್ಯ ಮತ್ತು ಆಟ. ಅದರಲ್ಲೂ ಆಟವನ್ನು ಕಡೆಗಣಿಸಿದರೆ ಜಾಸ್ತಿ ಕಷ್ಟ ಅಂತ. ಜುವೆನಲ್ ಜನರ ಮೇಲಿನ ಸಿಟ್ಟಿಗೆ ಬರೆದಿರಬಹುದು. ಫ್ರಾಂಟೊ ಅರಮನೆಗೆ ಹತ್ತಿರ ಇದ್ದವನು. ಅವನ ಮಾತನ್ನು ತಳ್ಳಿಹಾಕುವುದು ಹೇಗೆ?

ಹಳೇಪುಟ
ತಳ್ಳಿಹಾಕಬೇಡಿ. ಅದೇ ಟ್ರಾಜನ್ ಇನ್ನೇನು ಮಾಡಿದ ಅನ್ನುವುದನ್ನೂ ಅದರ ಪಕ್ಕದಲ್ಲಿ ಇಡಿ.

ಈಗಿನ ಟರ್ಕಿಯಲ್ಲಿ ನಿಕೊಮೀಡಿಯಾ ಅಂತ ಒಂದು ಪಟ್ಟಣ ಇತ್ತು. ಅಲ್ಲಿ ದೊಡ್ಡ ಬೆಂಕಿ ಬಿತ್ತು. ಮನೆಗಳು ಸುಟ್ಟವು, ಜನ ನಿಂತು ನೋಡಿದರು, ನೀರು ಎರಚಲು ಬಕೆಟ್ ಕೂಡ ಇರಲಿಲ್ಲ. ರಾಜ್ಯಪಾಲನಾಗಿದ್ದ ಕಿರಿಯ ಪ್ಲಿನಿ ಟ್ರಾಜನ್‌ಗೆ ಪತ್ರ ಬರೆದ. ಇಲ್ಲಿ 150 ಜನರ ಒಂದು ಅಗ್ನಿಶಾಮಕ ಸಂಘ ಮಾಡಲೇ, ಕಸುಬಿನವರನ್ನು ಬಿಟ್ಟು ಬೇರೆಯವರನ್ನು ಸೇರಿಸುವುದಿಲ್ಲ, ಕಣ್ಣಿಟ್ಟಿರುತ್ತೇನೆ ಅಂತ. ಟ್ರಾಜನ್ ಬೇಡ ಅಂದ. ಕಾರಣವನ್ನೂ ಬರೆದ. ಯಾವ ಹೆಸರಿಟ್ಟರೂ, ಯಾವ ಕಾರಣಕ್ಕೆ ಸೇರಿದರೂ, ಒಂದಾಗಿ ಸೇರಿದವರು ಬೇಗನೆ ರಾಜಕೀಯ ಗುಂಪಾಗುತ್ತಾರೆ ಅಂತ. ಬೇಕಾದರೆ ಬೆಂಕಿ ಆರಿಸುವ ಸಾಮಾನು ಕೊಂಡಿಡು, ಮನೆಯ ಮಾಲೀಕರೇ ಬಳಸಿಕೊಳ್ಳಲಿ, ಸಂಘ ಮಾತ್ರ ಬೇಡ.

ಲಕ್ಷಗಟ್ಟಲೆ ಜನರನ್ನು 123 ದಿನ ಒಂದೆಡೆ ಕೂರಿಸಲು ಹೆದರದವನು 150 ಜನ ಬೆಂಕಿ ಆರಿಸುವವರಿಗೆ ಹೆದರಿದ. ಈ ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಆಟಕ್ಕೆ ಬಂದವರನ್ನು ಅವನು ಕರೆದಿದ್ದ, ಆಟ ಮುಗಿದ ಮೇಲೆ ಮನೆಗೆ ಹೋಗುತ್ತಾರೆ. ಸಂಘದವರು ತಾವಾಗಿ ಸೇರುತ್ತಾರೆ, ನಾಳೆಯೂ ಸೇರುತ್ತಾರೆ, ಅವರಿಗೆ ಒಬ್ಬ ಮುಖಂಡ ಇರುತ್ತಾನೆ, ಒಂದು ಡಬ್ಬಿ ದುಡ್ಡು ಇರುತ್ತದೆ.

ಇನ್ನೊಂದು. ಗೋಧಿಯನ್ನು ಉಚಿತ ಮಾಡಿದ ಕ್ಲೋಡಿಯಸ್ ಅದೇ ವರ್ಷ ಸಂಘಗಳ ಮೇಲಿದ್ದ ನಿಷೇಧವನ್ನೂ ತೆಗೆದಿದ್ದ. ಅವನಿಗೆ ಎರಡೂ ಬೇಕಿತ್ತು, ಬೀದಿಯಲ್ಲಿ ಬಡಿದಾಡಲು ಅಂತಲೇ ಇಟ್ಟುಕೊಳ್ಳಿ, ಅವನೇನು ಸಂತನಲ್ಲ. ಸೀಸರ್ ಗೋಧಿ ಪಟ್ಟಿ ಅರ್ಧಕ್ಕಿಂತ ಕಡಿಮೆ ಮಾಡಿದ, ಬಹುಪಾಲು ಸಂಘಗಳನ್ನು ಮುಚ್ಚಿಸಿದ. ಆಗಸ್ಟಸ್‌ಗೆ ಗೋಧಿ ಹಂಚಿಕೆ ನಿಲ್ಲಿಸುವ ಮನಸ್ಸಿತ್ತು. ಆದರೆ ನಾನು ನಿಲ್ಲಿಸಿದರೆ ನಾಳೆ ಇನ್ನೊಬ್ಬ ಜನರ ಮೆಚ್ಚುಗೆಗೆ ಮತ್ತೆ ಶುರು ಮಾಡುತ್ತಾನೆ ಅಂತ ಯೋಚಿಸಿ ಬಿಟ್ಟ. ಸಂಘಗಳ ವಿಷಯದಲ್ಲಿ ಅವನಿಗೆ ಅಂಥ ಸಂಕೋಚ ಇರಲಿಲ್ಲ, ಹಳೆಯ, ಒಪ್ಪಿಗೆ ಪಡೆದವನ್ನು ಬಿಟ್ಟು ಉಳಿದವನ್ನು ಮುಚ್ಚಿಸಿದ.

ಜನ ಸುಮ್ಮನಾಗಿದ್ದರೆ ಅವರ ತಟ್ಟೆಯಲ್ಲಿ ಏನಿದೆ ಅಂತ ನೋಡುವುದಕ್ಕೆ ಮುಂಚೆ, ಅವರು ಅಪ್ಪಣೆ ಇಲ್ಲದೆ ನಾಲ್ಕು ಜನ ಸೇರಬಹುದಾ ಅಂತ ನೋಡಿ.

ಕಡಲಾಚೆ
ಹಳೇಪುಟ ಅವರ ಮಾತಿಗೆ ಈ ಕಾಲದ ಎರಡು ಉದಾಹರಣೆ ಸೇರಿಸುತ್ತೇನೆ.

2011ರ ಜನವರಿ, ಕುವೈತ್. ಟುನೀಸಿಯಾ, ಈಜಿಪ್ಟ್‌ನಲ್ಲಿ ಗಲಭೆ ನಡೆಯುತ್ತಿರುವಾಗ ಅಲ್ಲಿನ ದೊರೆ ಪ್ರತಿಯೊಬ್ಬ ನಾಗರಿಕನಿಗೆ 1,000 ದಿನಾರ್ ಮತ್ತು 2012ರ ಮಾರ್ಚ್‌ವರೆಗೆ ಉಚಿತ ದಿನಸಿ ಅಂತ ಪ್ರಕಟಿಸಿದರು. ಸ್ವಾತಂತ್ರ್ಯದ 50ನೇ ವರ್ಷದ ಸಂಭ್ರಮಕ್ಕೆ ಅಂತ ಹೆಸರು. ಅದೇ ವರ್ಷ ನವೆಂಬರ್‌ನಲ್ಲಿ, ದಿನಸಿ ಇನ್ನೂ ಬರುತ್ತಿರುವಾಗಲೇ, ಭ್ರಷ್ಟಾಚಾರದ ವಿರುದ್ಧ ಜನ ಸಂಸತ್ತಿನ ಒಳಗೆ ನುಗ್ಗಿದರು. ತಿಂಗಳ ಕೊನೆಗೆ ಪ್ರಧಾನಿ ರಾಜೀನಾಮೆ ಕೊಟ್ಟರು. ಆಗ ಅಲ್ಲಿ ಚುನಾಯಿತ ಸಂಸತ್ತು ಇತ್ತು (2024ರಲ್ಲಿ ವಿಸರ್ಜಿಸಿದರು), ಸೇರಿ ಮಾತಾಡಿ ಅಭ್ಯಾಸ ಇತ್ತು. ದಿನಸಿ ತಿಂದವರೇ ಬೀದಿಗೆ ಬಂದರು.

ಪಕ್ಕದ ಸೌದಿ ಅರೇಬಿಯಾದಲ್ಲೂ ಅದೇ ವರ್ಷ ದುಡ್ಡು ಸುರಿದರು, ಎರಡು ಕಂತಿನಲ್ಲಿ ಸುಮಾರು 13,000 ಕೋಟಿ ಡಾಲರ್, ಸಂಬಳ, ಮನೆ, ಕೆಲಸ ಅಂತ. ಜೊತೆಗೆ ಮಾರ್ಚ್‌ನಲ್ಲಿ ಎಲ್ಲಾ ಪ್ರತಿಭಟನೆಗಳನ್ನೂ ನಿಷೇಧಿಸಿದರು. ಅಲ್ಲಿ ಸುಮ್ಮನಾದದ್ದು ದುಡ್ಡಿಗೋ ನಿಷೇಧಕ್ಕೋ? ಬರೀ ದುಡ್ಡೇ ಸಾಕಿದ್ದರೆ ನಿಷೇಧ ಯಾಕೆ ಬೇಕಿತ್ತು? 2018 ಇನ್ನೂ ಸ್ಪಷ್ಟ. ಏಪ್ರಿಲ್‌ನಲ್ಲಿ ದಶಕಗಳ ನಂತರ ಸಿನಿಮಾ ಮಂದಿರ ತೆರೆದರು, ಜೂನ್‌ನಲ್ಲಿ ಹೆಂಗಸರು ಕಾರು ಓಡಿಸಲು ಅನುಮತಿ ಕೊಟ್ಟರು, ಮಧ್ಯದಲ್ಲಿ ಮೇ ತಿಂಗಳಲ್ಲಿ ಆ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಹೆಂಗಸರನ್ನೇ ಹಿಡಿದು ಒಳಗೆ ಹಾಕಿದರು. ನಾವು ಕೊಡುತ್ತೇವೆ, ನೀವು ಕೇಳಬೇಡಿ ಅಂತ ಇದಕ್ಕಿಂತ ನೇರವಾಗಿ ಹೇಳುವುದು ಹೇಗೆ?

ಸೂಜಿಮಲ್ಲಿಗೆ
ಕೊಡುವುದನ್ನು ನಿಲ್ಲಿಸಿದರೆ ದಂಗೆ ಏಳುತ್ತಾರಲ್ಲ, ಅದು? ಕೊಟ್ಟಷ್ಟು ದಿನ ತೆಪ್ಪಗೆ ಇದ್ದರು ಅಂತಲೇ ಅಲ್ವಾ ಅರ್ಥ?

ಕಡಲಾಚೆ
ಈಜಿಪ್ಟ್ 1977 ಮನಸ್ಸಿನಲ್ಲಿ ಇಟ್ಟುಕೊಂಡು ಕೇಳುತ್ತಿದ್ದೀರಿ ಅನಿಸುತ್ತದೆ. ಅನ್ವರ್ ಸಾದತ್ ಸರ್ಕಾರ ಜನವರಿಯಲ್ಲಿ ಹಿಟ್ಟು, ಅಕ್ಕಿ, ಎಣ್ಣೆ ಮೇಲಿನ ಸಹಾಯಧನ ಕತ್ತರಿಸಿತು. ಎರಡು ದಿನ ಊರೂರು ಹೊತ್ತಿ ಉರಿಯಿತು, ಸೈನ್ಯ ಬಂತು, 70ಕ್ಕೂ ಹೆಚ್ಚು ಜನ ಸತ್ತರು, ಸಹಾಯಧನ ವಾಪಸ್ ಬಂತು. ಟುನೀಸಿಯಾದಲ್ಲೂ 1984ರ ಜನವರಿಯಲ್ಲಿ ಬ್ರೆಡ್ ಬೆಲೆ ಹೆಚ್ಚಿಸಿ, ಗಲಭೆಯಾಗಿ, ಅಧ್ಯಕ್ಷ ಬುರ್ಗೀಬಾ ವಾಪಸ್ ತೆಗೆದುಕೊಂಡರು.

ಇಲ್ಲಿ ಯಾರು ಯಾರನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದಾರೆ ಹೇಳಿ. ಒಮ್ಮೆ ಕೊಟ್ಟರೆ ಹಿಂದಕ್ಕೆ ತೆಗೆಯಲು ದೊರೆಗೇ ಭಯ. ಹುಲಿ ಸವಾರಿ ಮಾಡಿದವನ ಹಾಗೆ, ಇಳಿಯುವುದು ಹೇಗೆ ಅಂತ ಅವನೇ ಯೋಚಿಸಬೇಕು.

ಗ್ಯಾಲರಿ ಟಿಕೆಟ್
ಆಟದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಹಳೇಪುಟ ಅವರು ಒಂದು ಕಡೆ ಸ್ವಲ್ಪ ಅವಸರ ಮಾಡಿದರು. ಆಟ ನೋಡಲು ಬಂದವರು ಮನೆಗೆ ಹೋಗುತ್ತಾರೆ ಅಂದರು. ಎಲ್ಲಾ ಸಲ ಹೋಗುವುದಿಲ್ಲ.

ರೋಮ್ ಸಾಮ್ರಾಜ್ಯದ ಪೂರ್ವ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಕ್ರಿ.ಶ. 532. ರಥದ ಓಟಕ್ಕೆ ಎರಡು ದೊಡ್ಡ ಬಣ, ನೀಲಿ ಮತ್ತು ಹಸಿರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಗಲಾಟೆ ಮಾಡಿದ ಕೆಲವರನ್ನು ನೇಣಿಗೆ ಹಾಕುವಾಗ ಹಗ್ಗದ ವ್ಯವಸ್ಥೆ ಕೈಕೊಟ್ಟು ಇಬ್ಬರು ಬದುಕಿ ಉಳಿದರು, ಒಬ್ಬ ನೀಲಿ, ಒಬ್ಬ ಹಸಿರು. ಕ್ಷಮಿಸಿ ಬಿಡು ಅಂತ ಎರಡೂ ಬಣ ಒಟ್ಟಿಗೆ ಕೇಳಿದವು. ಚಕ್ರವರ್ತಿ ಜಸ್ಟಿನಿಯನ್ ಕೇಳಲಿಲ್ಲ. ಜನವರಿ 13ರಂದು ಓಟ ಮುಗಿಯುವ ಹೊತ್ತಿಗೆ ಇಡೀ ಮೈದಾನ ಒಂದೇ ಘೋಷಣೆ ಕೂಗುತ್ತಿತ್ತು. ಆಮೇಲೆ ನಗರದ ದೊಡ್ಡ ಭಾಗ ಸುಟ್ಟಿತು, ಹೊಸ ಚಕ್ರವರ್ತಿಯನ್ನೇ ಆರಿಸಿ ಕೂರಿಸಿದರು. ಜಸ್ಟಿನಿಯನ್ ಓಡಿಹೋಗಲು ತಯಾರಾಗಿದ್ದ, ರಾಣಿ ಥಿಯೊಡೋರಾ ತಡೆದಳು. ಕೊನೆಗೆ ಸೈನ್ಯ ಅದೇ ಮೈದಾನದ ಬಾಗಿಲು ಮುಚ್ಚಿ ಕಡಿಯಿತು. ಸತ್ತವರು 30,000ಕ್ಕೂ ಹೆಚ್ಚು ಅಂತ ಆ ಕಾಲದ ಪ್ರೊಕೋಪಿಯಸ್ ಬರೆದ.

ಬೇರೆ ಎಲ್ಲಾ ಸಂಘ ಮುಚ್ಚಿದರೆ ಉಳಿಯುವುದು ಅಭಿಮಾನಿಗಳ ಸಂಘ ಒಂದೇ. ಅದೇ ಒಂದು ದಿನ ರಾಜಕೀಯ ಗುಂಪಾಗುತ್ತದೆ. 2011ರಲ್ಲಿ ಕೈರೋದ ಫುಟ್‌ಬಾಲ್ ಅಭಿಮಾನಿಗಳು ತಹ್ರೀರ್ ಚೌಕದಲ್ಲಿ ಮುಂದೆ ನಿಂತರು, ಪೊಲೀಸರ ಜೊತೆ ಗುದ್ದಾಡಿ ಅವರಿಗೆ ಮೊದಲೇ ರೂಢಿ ಇತ್ತು. ಇಸ್ತಾಂಬುಲ್‌ನಲ್ಲಿ 2013ರ ಗೆಜಿ ಪಾರ್ಕ್ ಪ್ರತಿಭಟನೆಗೆ ಬೆಶಿಕ್ತಾಶ್ ಕ್ಲಬ್‌ನ ಅಭಿಮಾನಿಗಳು ಬಂದರು. ಸರ್ಕಾರ ಉರುಳಿಸಲು ಹೊರಟರು ಅಂತ ಅವರಲ್ಲಿ 35 ಜನರ ಮೇಲೆ ಕೇಸು ಹಾಕಿದರು, 2015ರಲ್ಲಿ ಎಲ್ಲರೂ ಖುಲಾಸೆಯಾದರು. ಇಸ್ತಾಂಬುಲ್ ಅಂದರೆ ಹಳೇ ಕಾನ್‌ಸ್ಟಾಂಟಿನೋಪಲ್ಲೇ!

ಮೂಲೆ ಬೆಂಚು
ಹಾಗಾದರೆ 1978ರ ಅರ್ಜೆಂಟೀನಾ? ಸೈನಿಕ ಆಡಳಿತ ವಿಶ್ವಕಪ್ ನಡೆಸಿತು, ತಂಡ ಗೆದ್ದಿತು, ಬೀದಿ ತುಂಬಾ ಜನ ಕುಣಿದರು. ಫೈನಲ್ ನಡೆದ ಮೈದಾನದ ಹತ್ತಿರವೇ ನೌಕಾಪಡೆಯ ಶಾಲೆಯಲ್ಲಿ ಚಿತ್ರಹಿಂಸೆ ಕೇಂದ್ರ ಇತ್ತು, ಒಳಗಿದ್ದವರಿಗೆ ಹೊರಗಿನ ಕೂಗು ಕೇಳಿಸುತ್ತಿತ್ತು. ಇದಕ್ಕೆ ಏನು ಹೇಳುತ್ತೀರಿ?

ಹಳೇಪುಟ
ಒಳಗೆ ಆ ಕೇಂದ್ರ ಯಾಕೆ ಇತ್ತು? ಕಾರ್ಮಿಕ ಮುಖಂಡರನ್ನು, ವಿದ್ಯಾರ್ಥಿಗಳನ್ನು, ಪತ್ರಕರ್ತರನ್ನು ಹುಡುಕಿ ಮಾಯ ಮಾಡಲು. ವಿಶ್ವಕಪ್‌ಗೆ ಎರಡು ವರ್ಷ ಮೊದಲೇ ಆ ಕೆಲಸ ಶುರುವಾಗಿತ್ತು. ಜನರನ್ನು ಸುಮ್ಮನಿರಿಸಿದ್ದು ಆ ಕಟ್ಟಡ. ಫುಟ್‌ಬಾಲ್ ಅದರ ಮುಂದೆ ಇಳಿಬಿಟ್ಟ ಪರದೆ. ಅಷ್ಟಿದ್ದರೂ ಕಾಣೆಯಾದ ಮಕ್ಕಳ ತಾಯಂದಿರು ಅದೇ ಜೂನ್‌ನಲ್ಲಿ ಪ್ಲಾಸಾ ದೆ ಮಾಯೋ ಚೌಕದಲ್ಲಿ ಸುತ್ತು ಹಾಕುತ್ತಿದ್ದರು, ಆಟಕ್ಕೆ ಅಂತ ಬಂದಿದ್ದ ವಿದೇಶಿ ಪತ್ರಕರ್ತರು ಅವರನ್ನೂ ತೋರಿಸಿದರು.

ಒಂಟಿ ಪರದೆ
ಎಲ್ಲರೂ ಮೈದಾನದ ಬಗ್ಗೆಯೇ ಮಾತಾಡುತ್ತಿದ್ದೀರಿ. ಈಗ ಆಟ ಇರುವುದು ಫೋನಿನಲ್ಲಿ. ಮೈದಾನದಲ್ಲಿ ಪಕ್ಕದವನು ಕೂಗಿದರೆ ನಾವೂ ಕೂಗುತ್ತೇವೆ, ದೊರೆಗೆ ಕೇಳಿಸುತ್ತದೆ. ಫೋನಿನಲ್ಲಿ ಒಬ್ಬೊಬ್ಬರೇ ನೋಡುತ್ತೇವೆ.

ಚೀನಾದ ಸೆನ್ಸಾರ್ ಬಗ್ಗೆ ಗ್ಯಾರಿ ಕಿಂಗ್, ಜೆನಿಫರ್ ಪ್ಯಾನ್, ಮಾರ್ಗರೆಟ್ ರಾಬರ್ಟ್ಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ಸರಿಯಾಗಿ ಹೊಂದುತ್ತದೆ. ಸರ್ಕಾರವನ್ನು, ನಾಯಕರನ್ನು ಬೈದ ಬರಹಗಳು ಎಷ್ಟೋ ಸಲ ಹಾಗೆಯೇ ಉಳಿಯುತ್ತಿದ್ದವು. ಜನ ಒಂದೆಡೆ ಸೇರುವಂತೆ ಮಾಡುವ ಬರಹ, ಅದು ಸರ್ಕಾರದ ಪರವಾಗಿದ್ದರೂ, ಅಳಿಸಿಹೋಗುತ್ತಿತ್ತು. ಟ್ರಾಜನ್ ನಿಕೊಮೀಡಿಯಾ ಬಗ್ಗೆ ಬರೆದ ಪತ್ರವೇ ಇದು, ಬರೀ ಯಂತ್ರ ಬೇರೆ.

ಅವರೇ 2017ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಸರ್ಕಾರ ವರ್ಷಕ್ಕೆ ಅಂದಾಜು 44.8 ಕೋಟಿ ಬರಹಗಳನ್ನು ಜನಸಾಮಾನ್ಯರು ಬರೆದಂತೆ ಹಾಕಿಸುತ್ತದೆ ಅಂತ. ಅವು ಟೀಕಾಕಾರರ ಜೊತೆ ಜಗಳ ಆಡುವುದಿಲ್ಲ. ಹೊಗಳಿಕೆ, ಹಳೆಯ ವೀರರ ನೆನಪು, ಸಿಹಿ ಮಾತು, ಹೀಗೆ ಮಾತು ಬೇರೆ ಕಡೆ ತಿರುಗಿಸುತ್ತವೆ. ನನಗೆ ಹೆದರಿಕೆ ಆಗುವುದು ಇದಕ್ಕೆ. ಇಲ್ಲಿ ಪ್ರೇಕ್ಷಕರ ಗುಂಪೇ ಇಲ್ಲ, ನೀಲಿ ಬಣವೂ ಇಲ್ಲ, ಹಸಿರು ಬಣವೂ ಇಲ್ಲ.

ಗಾಳಿಮಾತು
ಇಷ್ಟುದ್ದ ಚರ್ಚೆಯನ್ನು ನಾನು ಒಬ್ಬನೇ ಕೂತು ಫೋನಿನಲ್ಲೇ ಓದುತ್ತಿದ್ದೇನೆ ಅಂತ ಹೇಳಬೇಕಾ ಬೇಡವಾ?

ಸೂಜಿಮಲ್ಲಿಗೆ
ಕೊನೆಯದಾಗಿ ಒಂದು ಕೇಳುತ್ತೇನೆ. ಈ ಬಿಟ್ಟಿ ರೊಟ್ಟಿ ಕೊನೆಗೆ ನಿಂತಿದ್ದು ಹೇಗೆ? ಯಾವನೋ ಒಬ್ಬ ಧೈರ್ಯ ಮಾಡಿ ನಿಲ್ಲಿಸಿರಬೇಕಲ್ಲ.

ಲೆಕ್ಕದ ಮೇಷ್ಟ್ರು
ಕಾನ್‌ಸ್ಟಾಂಟಿನೋಪಲ್‌ನದ್ದು ಹೇಳುತ್ತೇನೆ. ಅಲ್ಲಿ 332ರಲ್ಲಿ ಶುರುವಾಗಿತ್ತು, ದಿನಕ್ಕೆ 80,000 ಪಾಲು, ಗೋಧಿ ಎಲ್ಲಾ ಈಜಿಪ್ಟ್‌ನಿಂದ ಹಡಗಿನಲ್ಲಿ ಬರಬೇಕು. ಪರ್ಷಿಯನ್ನರು ಈಜಿಪ್ಟ್ ಕಡೆ ನುಗ್ಗಿದರು, ಗೋಧಿ ನಿಂತಿತು. 618ರಲ್ಲಿ ಚಕ್ರವರ್ತಿ ಹೆರಾಕ್ಲಿಯಸ್ ಮೊದಲು ರೊಟ್ಟಿಗೆ ದುಡ್ಡು ಕೇಳಿದ, ಆಮೇಲೆ ಪೂರ್ತಿ ನಿಲ್ಲಿಸಿದ. ಧೈರ್ಯದ ಮಾತಲ್ಲ, ಕೊಡಲು ಇರಲಿಲ್ಲ.

ಮೂಲೆ ಬೆಂಚು
ಅವನನ್ನು ಇಳಿಸಿದರಾ?

ಲೆಕ್ಕದ ಮೇಷ್ಟ್ರು
ಇಲ್ಲ. 641ರಲ್ಲಿ ಸಾಯುವವರೆಗೂ ಅವನೇ ಚಕ್ರವರ್ತಿ. ಆದರೆ 626ರ ಮೇ ತಿಂಗಳಲ್ಲಿ ಜಾನ್ ಅನ್ನುವ ಅಧಿಕಾರಿ ಕಾವಲು ಸೈನಿಕರ ರೊಟ್ಟಿ ಪಾಲು ಕಿತ್ತುಹಾಕಲು ಹೋದ. ಮಾರುವ ರೊಟ್ಟಿಯ ಬೆಲೆಯನ್ನೂ 3 ನಾಣ್ಯದಿಂದ 8ಕ್ಕೆ ಏರಿಸಲು ಹೊರಟ. ಸೈನಿಕರು, ಊರಿನವರು ಎಲ್ಲರೂ ದೊಡ್ಡ ಚರ್ಚಿನೊಳಗೆ ಸೇರಿ ಕೂಗಿದರು. ಅವನ ಕೆಲಸ ಹೋಯಿತು, ಬೆಲೆ ಏರಲಿಲ್ಲ. ಅದಾಗಿ ಕೆಲವೇ ವಾರಕ್ಕೆ ಅವಾರರು ಅನ್ನುವ ಅಲೆಮಾರಿ ಯೋಧರು ಬಂದು ನಗರಕ್ಕೆ ಮುತ್ತಿಗೆ ಹಾಕಿದರು, ಅದೇ ಜನ ಕೋಟೆ ಕಾದರು.